ಎಲ್ಲರ ಹೆಸರೂ ಮೊದಲು

ವೆಬ್‌ಸೈಟ್ ಮಾಡುವುದು ಹೋಳಿಗೆ ಮಾಡುವುದಕ್ಕಿಂತ ಸುಲಭ. ಹೋಳಿಗೆಗೆ ಕಣಕ ನಾದಬೇಕು, ಹೂರಣ ರುಬ್ಬಬೇಕು, ಒಲೆಯ ಮುಂದೆ ಬೆವರಬೇಕು. ವೆಬ್‌ಸೈಟಿಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಮೌಸ್ ಎಳೆದರೆ ಸಾಕು. ಈ ಮಾತನ್ನು ನಾನು ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ನಮ್ಮ ಓಣಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದ ಕಾಲವೊಂದಿತ್ತು. ಈಗಲೂ ಅದೇ ಓಣಿಯಲ್ಲಿ ಓಡಾಡುತ್ತೇನೆ, ಮಾತು ಕಡಿಮೆ ಮಾಡಿದ್ದೇನೆ.

ಕಂಪ್ಯೂಟರ್ ಕ್ಲಾಸಿಗೆ ನಾನು ಸೇರಿದ್ದು ಜ್ಞಾನದ ಹಸಿವಿನಿಂದೇನಲ್ಲ. ಪಕ್ಕದ ಮನೆಯ ಸುನಂದಾ ಹೊಲಿಗೆ ಕ್ಲಾಸಿಗೆ ಸೇರಿದಳು. ನನಗೆ ಸುಮ್ಮನೆ ಇರಲಾಗುತ್ತದೆಯೇ? ಹೊಲಿಗೆಗೆ ಹೋಗೋಣವೆಂದರೆ ನನಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ. ಅದೇ ಹೊತ್ತಿಗೆ ಹೆದ್ದಾರಿಯ ಪಕ್ಕದ ಟೈರ್ ಅಂಗಡಿಯ ಮಹಡಿಯಲ್ಲಿ ಹೊಸ ಬೋರ್ಡು ಬಿತ್ತು. ಕೋಡ್ ಬರೆಯದೆ, ಕಣ್ಣಿಂದ ನೋಡುತ್ತಲೇ ವೆಬ್‌ಸೈಟ್ ಮಾಡಲು ಕಲಿಸುತ್ತಾರಂತೆ. ನಮ್ಮ ಮನೆಯವರಿಗೆ ಬೀಜ-ಗೊಬ್ಬರದ ಅಂಗಡಿ ಇದೆ. ಅವರು ಉಣ್ಣುವಾಗ ಮೆಲ್ಲಗೆ ವಿಷಯ ತೆಗೆದೆ.

"ಅಂಗಡಿದು ಒಂದು ಸೈಟ್ ಮಾಡ್ತೀನ್ರೀ, ಕಲೀಲಿಕ್ಕೆ ಹೋಗ್ಲೇನು?"

"ಗೊಬ್ಬರ ಒಯ್ಯಾಂವ ಬಂಡಿ ತರ್ತಾನ, ಕಂಪ್ಯೂಟರ್ ತರಂಗಿಲ್ಲ," ಅಂದರು. ಆದರೂ ಹೋಗು ಅಂದರು. ಮಧ್ಯಾಹ್ನ ನಾನು ಮನೆಯಲ್ಲಿ ಇಲ್ಲದಿದ್ದರೆ ಅವರಿಗೆ ನಿದ್ದೆ ಛಲೋ ಬರುತ್ತದೆ ಎಂಬುದು ಆಮೇಲೆ ತಿಳಿಯಿತು.

ಕಲಿಸುವವರು ಜಾಧವ ಸರ್. ಮಾತೆಲ್ಲ ಮರಾಠಿ, ನನ್ನ ಮುಖ ಕಂಡಾಗ ಮಾತ್ರ ನಾಲ್ಕು ಮಾತು ಕನ್ನಡ. ಅವರ ಮೊದಲ ಪಾಠ: ಈ ಸಾಫ್ಟ್‌ವೇರಿನಲ್ಲಿ ನೀವು ಪರದೆಯ ಮೇಲೆ ಏನು ಕಾಣುತ್ತೀರೋ ಅದನ್ನೇ ಲೋಕವೂ ಕಾಣುತ್ತದೆ. ಎರಡನೆಯ ಪಾಠ ಸ್ಟ್ಯಾಂಡರ್ಡ್. "ಪಾನ ಸಗಳೀಕಡೆ ಸಾರಖಂಚ ದಿಸಲಂ ಪಾಹಿಜೆ," ಎಂದು ಮೇಜು ಕುಟ್ಟಿ ಹೇಳುತ್ತಿದ್ದರು. ಅಂದರೆ ಪುಟ ಎಲ್ಲ ಕಡೆಗೂ ಒಂದೇ ಥರ ಕಾಣಬೇಕು. ಉಮರ್ಗಾದಲ್ಲಿ ಒಂದು, ಉದಗೀರದಲ್ಲಿ ಒಂದು ಆಗಬಾರದು. ಪುಟ ನಿಯಮದ ಪ್ರಕಾರ ಇದೆಯೋ ಇಲ್ಲವೋ ಪರೀಕ್ಷಿಸುವ ಒಂದು ಜಾಗ ಇಂಟರ್‌ನೆಟ್ಟಿನಲ್ಲೇ ಇತ್ತು. ನನ್ನ ಮೊದಲ ಪುಟವನ್ನು ಅಲ್ಲಿಗೆ ಕೊಟ್ಟಾಗ ಪರದೆ ತುಂಬ ಕೆಂಪು ಅಕ್ಷರ ಬಂತು. ಆಳಂದದ ಶಾಲೆಯ ನನ್ನ ಗಣಿತದ ಪೇಪರು ನೆನಪಾಯಿತು. ಆದರೆ ನಾನು ಬಿಡಲಿಲ್ಲ. ಒಂದು ದಿನ ಹಸಿರು ಪಟ್ಟಿ ಬಂದೇ ಬಂತು, ತಪ್ಪುಗಳು ಸೊನ್ನೆ. ಅದರ ಪ್ರಿಂಟ್ ತೆಗೆದು ಮನೆಗೆ ತಂದು ಮಡಿಸಿ ದೇವರ ಜಗಲಿಯ ಮೇಲಿಟ್ಟೆ. ಅತ್ತೆ ಅದನ್ನೂ ವಿಭೂತಿಯ ಪೊಟ್ಟಣವೆಂದು ತಿಳಿದು ಕಣ್ಣಿಗೆ ಒತ್ತಿಕೊಂಡರು.

ಮೂರನೆಯ ಪಾಠ ಡೈನಾಮಿಕ್ ಪುಟ. ಇಲ್ಲಿಂದಲೇ ನನ್ನ ಅಧಃಪತನ ಆರಂಭವಾಯಿತು.

ಆಗಷ್ಟೇ ನಮ್ಮ ನಾದಿನಿ ಸುರೇಖಾಳ ಮದುವೆ ಬಸವಕಲ್ಯಾಣದ ಹುಡುಗನ ಜೊತೆ ಗೊತ್ತಾಗಿತ್ತು. ಹುಡುಗ ಛಲೋ, ಮನೆತನ ಛಲೋ, ಕಲ್ಯಾಣ ಮಂಟಪವೂ ಸಿಕ್ಕಿತ್ತು. ಉಳಿದದ್ದು ಒಂದೇ, ಲಗ್ನಪತ್ರಿಕೆ. ನಮ್ಮ ಕಡೆ ಪತ್ರಿಕೆ ಅಂದರೆ ಹುಡುಗ-ಹುಡುಗಿಯ ಹೆಸರು ಮೂಲೆಯಲ್ಲಿ, ಹಿರಿಯರ ಹೆಸರು ಪುಟ ತುಂಬ. ಯಾರ ಹೆಸರು ಯಾರ ಮೇಲೆ ಬರಬೇಕು ಎಂಬುದರ ಮೇಲೆ ಮಾನಪಾನವೆಲ್ಲ ನಿಂತಿರುತ್ತದೆ. ನಮ್ಮ ಮನೆಯಲ್ಲಿ ಮೇಲೆ ಬರಬೇಕಾದವರು ಇಬ್ಬರು. ನಿಲಂಗಾದ ಗುರುಪಾದಪ್ಪ ಕಾಕಾ, ತೀರಿಹೋದ ನಮ್ಮ ಮಾವನವರ ಅಣ್ಣ. ಉದಗೀರದ ಬಸಲಿಂಗಪ್ಪ ಮಾಮಾ, ನಮ್ಮ ಅತ್ತೆಯ ಅಣ್ಣ, ಸುರೇಖಾಳ ಸೋದರಮಾವ. ಅಕ್ಷತೆ ಬೀಳುವಾಗ ಹುಡುಗಿಯ ಬೆನ್ನ ಹಿಂದೆ ನಿಲ್ಲಬೇಕಾದವರು ಈ ಮಾಮಾ. ಅವರು ನಿಲ್ಲದಿದ್ದರೆ ಹುಡುಗಿಗೆ ಹಿಂದೆ ಯಾರೂ ಇಲ್ಲ ಎಂದಂತೆ.

ನನ್ನ ಮದುವೆಯಲ್ಲಿ ಆದದ್ದು ಎಲ್ಲರಿಗೂ ಗೊತ್ತಿತ್ತು. ಆಗ ಪತ್ರಿಕೆಯಲ್ಲಿ ಕಾಕಾನ ಹೆಸರು ಮೇಲೆ ಬಿತ್ತು, ಮಾಮಾನ ಹೆಸರು ನಾಲ್ಕನೆಯದಾಯಿತು. ಮಾಮಾ ಮದುವೆಗೆ ಬಂದರು, ಮಂಟಪದೊಳಗೆ ಬರಲಿಲ್ಲ. ಹೊರಗೆ ಬೇವಿನ ಗಿಡದ ಬುಡದಲ್ಲಿ ಟವೆಲ್ ಹಾಸಿ ಕೂತು, ಮನೆಯಿಂದ ಕಟ್ಟಿಸಿಕೊಂಡು ಬಂದ ರೊಟ್ಟಿ ತಿಂದು, ಕೈ ತೊಳೆದು ಹೋದರು. ಕಾಕಾ ಒಳಗಿಂದ ಅದನ್ನು ನೋಡುತ್ತ ಎರಡು ಸಲ ಹುಗ್ಗಿ ಹಾಕಿಸಿಕೊಂಡರಂತೆ. ನನ್ನ ಅಪ್ಪ ಇದನ್ನು ನೆನೆಸಿಕೊಂಡು ಆಗಾಗ ನಗುತ್ತಿದ್ದರು. "ನಿಮ್ಮ ಮರಾಠವಾಡಾದ ಮಂದಿಗಿ ಹೆಸರಿನ ಹುಚ್ಚು ಬಾಳ. ನಮ್ಮ ಆಳಂದ ಕಡೆ ಇಂಥಾದೇನಿಲ್ಲವ್ವಾ," ಅನ್ನುತ್ತಿದ್ದರು.

ಈ ಸಲ ಹಾಗಾಗಬಾರದು ಎಂದು ಅತ್ತೆ ಊಟ ಬಿಟ್ಟು ಯೋಚಿಸುತ್ತಿದ್ದರು. "ಭೂಕಂಪ ಆದಾಗ ಸಾಸ್ತೂರದಾಗ ಇಬ್ಬರೂ ಒಂದ ತಗಡಿನ ಶೆಡ್ಡಿನಾಗ ಇದ್ರವ್ವಾ. ಒಂದ ಗಂಗಾಳದಾಗ ಉಂಡಾರ. ಈಗ ಒಂದು ಹಾಳಿ ಮ್ಯಾಲ ಕೂಡಿ ಇರಂಗಿಲ್ಲ ಅಂತಾರ," ಎಂದು ಕಣ್ಣೊರೆಸಿಕೊಂಡರು. ಒಳಗೆ ಸುರೇಖಾ ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಖ ನೋಡಿ ನನಗೂ ಸಂಕಟವಾಯಿತು. ಅಪ್ಪ ಇಲ್ಲದ ಹುಡುಗಿ, ಮಾಮಾನೂ ಬೆನ್ನಿಗೆ ನಿಲ್ಲದಿದ್ದರೆ ಹೇಗೆ?

ಆಗ ನನ್ನ ತಲೆಯಲ್ಲಿ ಜಾಧವ ಸರ್ ಪಾಠ ಮಿಂಚಿತು. ಕಾಗದದ ಮೇಲೆ ಮೊದಲನೆಯವರು ಒಬ್ಬರೇ ಆಗಲು ಸಾಧ್ಯ. ಡೈನಾಮಿಕ್ ಪುಟಕ್ಕೆ ಆ ಕಟ್ಟುಪಾಡೇ ಇಲ್ಲ. ನೋಡುವವರು ಯಾರೋ ಅವರಿಗೆ ತಕ್ಕಂತೆ ಪುಟ ತಾನೇ ಬದಲಾಗುತ್ತದೆ. ಪತ್ರಿಕೆಯಲ್ಲಿ ಹುಡುಗ, ಹುಡುಗಿ, ಮುಹೂರ್ತ ಅಷ್ಟೇ ಹಾಕಿಸುವುದು. ಹಿರಿಯರ ಹೆಸರಿಗೆ ವೆಬ್‌ಸೈಟ್ ನೋಡಿರಿ ಎಂದು ಕೆಳಗೊಂದು ಸಾಲು. ಸೈಟಿನಲ್ಲಿ "ನಿಮ್ಮ ಊರು ಆರಿಸಿ" ಎಂಬ ಪೆಟ್ಟಿಗೆ. ನಿಲಂಗಾ ಆರಿಸಿ ಗುಂಡಿ ಒತ್ತಿದರೆ ಕಾಕಾ ಮೊದಲು. ಉದಗೀರ ಆರಿಸಿದರೆ ಮಾಮಾ ಮೊದಲು. ಕಾಕಾ ನೋಡುವುದು ನಿಲಂಗಾದ ಸೈಬರ್ ಕೆಫೆಯಲ್ಲಿ, ಮಾಮಾ ನೋಡುವುದು ಉದಗೀರದಲ್ಲಿ. ಒಬ್ಬರು ನೋಡಿದ್ದು ಇನ್ನೊಬ್ಬರಿಗೆ ಗೊತ್ತಾಗುವುದು ಹೇಗೆ? ಇಂಥ ಬುದ್ಧಿವಂತಿಕೆ ನನಗೆ ಯಾಕೆ ಇಷ್ಟು ತಡವಾಗಿ ಬಂತೆಂದು ನನ್ನ ಮೇಲೆ ನನಗೇ ಬೇಜಾರಾಯಿತು.

ಮನೆಯವರು ಮಾತ್ರ ತಲೆ ಕೆರೆದುಕೊಂಡರು. "ಇದು ಒಂಥರಾ ಕಳ್ಳತನ ಆಗ್ತದಲ್ಲೇನ?"

"ಕಳ್ಳತನ ಅಲ್ರೀ, ಡೈನಾಮಿಕ್," ಅಂದೆ.

ಕ್ಲಾಸಿನಲ್ಲಿ ಕೂತು ಪುಟ ಕಟ್ಟಿದೆ. ಮೇಲೆ ಬಸವಣ್ಣನ ಚಿತ್ರ, ಸುತ್ತ ಚೆಂಡುಹೂವಿನ ಅಂಚು, ನಡುವೆ ಹೆಸರುಗಳು. ಹೆಸರುಗಳನ್ನು ಬೇರೆ ಒಂದು ಪಟ್ಟಿಯಲ್ಲಿ ತುಂಬಿದರೆ ಪುಟ ಅಲ್ಲಿಂದ ತಾನೇ ತಂದುಕೊಳ್ಳುತ್ತದೆ. "ಪೈಲೆ ಟೆಸ್ಟಿಂಗಿಗೆ ಒಂದು ಹೆಸರು ಟಾಕಾ," ಅಂದರು ಜಾಧವ ಸರ್. ಆ ಹೊತ್ತಿಗೆ ನೆನಪಿಗೆ ಬಂದದ್ದು ನನ್ನ ಅಪ್ಪನ ಹೆಸರು. ಶ್ರೀ ಶರಣಪ್ಪ, ಆಳಂದ ಎಂದು ಹಾಕಿದೆ. ಬಂತು. ಆಮೇಲೆ ಉಳಿದವರನ್ನೆಲ್ಲ ತುಂಬಿದೆ. ಊರು ಆರಿಸುವ ಪೆಟ್ಟಿಗೆಯಲ್ಲಿ ಉಮರ್ಗಾ, ನಿಲಂಗಾ, ಉದಗೀರ, ಸಾಸ್ತೂರ ಇಷ್ಟು ಇಟ್ಟೆ. "ಯಾರಾದ್ರೂ ಊರು ಆರಿಸದೇ ಗುಂಡಿ ಒತ್ತಿದ್ರ?" ಎಂದು ಸರ್ ಕೇಳಿದರು. ತಮ್ಮ ಊರು ತಮಗೇ ಗೊತ್ತಿಲ್ಲದವರು ನಮ್ಮ ಬಳಗದಲ್ಲಿ ಯಾರೂ ಇಲ್ಲ ಸರ್ ಎಂದೆ. ಪುಟದ ಕೊನೆಯಲ್ಲಿ, ಬೇಡ ಬೇಡವೆಂದುಕೊಂಡೇ, "ಈ ಪುಟದ ರಚನೆ: ಸೌ. ಜಗದೇವಿ, ಉಮರ್ಗಾ" ಎಂದು ಸೇರಿಸಿದೆ. ತಪಾಸಣೆಗೆ ಕೊಟ್ಟೆ. ಹಸಿರು ಪಟ್ಟಿ.

ಪತ್ರಿಕೆ ಹಂಚಿದ ವಾರದೊಳಗೆ ಕಾಕಾನ ಫೋನು ಬಂತು. "ಬಾಳ ಛಲೋ ಮಾಡೀದಿ ನೋಡವ್ವಾ. ಬರೋಬ್ಬರಿ ಅದ," ಅಂದರು. ಅದರ ಹಿಂದೆಯೇ ಮಾಮಾನ ಫೋನು. ನನ್ನ ಮದುವೆಯಾದಾಗಿನಿಂದ ಅವರು ಈ ಮನೆಗೆ ಫೋನು ಮಾಡಿದವರಲ್ಲ. "ಸುರೇಖಾಗ ಹೇಳು, ನಾ ಹಳದಿ ದಿನಾನೇ ಬರ್ತೀನಿ. ಹಿರೇತನ ಅಂದ್ರ ಏನಂತ ನಿನಗ ತಿಳೀತು, ಉಳಿದ ಯಾರಿಗೂ ತಿಳೀಲಿಲ್ಲ," ಅಂದರು. ಅತ್ತೆ ಒಳಗೆ ಹೋಗಿ ತಾವೇ ಚಹಾ ಮಾಡಿ ತಂದು ನನ್ನ ಕೈಗೆ ಕೊಟ್ಟರು. ಸೊಸೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನಾನು ಕೂತಲ್ಲೇ ಕುಡಿದ ಮೊದಲ ಚಹಾ ಅದು. ಸಕ್ಕರೆ ಹಾಕಲು ಮರೆತಿದ್ದರು, ಆದರೂ ಅಷ್ಟು ರುಚಿಯಾದ ಚಹಾ ಮತ್ತೆ ಕುಡಿದಿಲ್ಲ.

ಮದುವೆಯ ಹಿಂದಿನ ದಿನ, ಹುಡುಗಿಗೆ ಅರಿಶಿನ ಹಚ್ಚುವ ಹಳದಿಯ ದಿನ, ಬೆಳಿಗ್ಗೆ ಕಾಕಾನ ಜೀಪು ಬಂತು. ಇಳಿದವರೇ ಜೊತೆಯವರಿಗೆ ಹೇಳಿ ಒಂದು ದೊಡ್ಡ ಸುರುಳಿ ಬಿಚ್ಚಿಸಿ ಮಂಟಪದ ಬಾಗಿಲಿನ ಬಲಗಡೆ ಕಟ್ಟಿಸಿದರು. ಫ್ಲೆಕ್ಸ್! ನನ್ನ ಪುಟವನ್ನೇ ಪ್ರಿಂಟ್ ತೆಗೆದು ಬಾಗಿಲಿನಷ್ಟು ಎತ್ತರ ಮಾಡಿಸಿದ್ದರು. ಬಸವಣ್ಣ, ಚೆಂಡುಹೂವು, ಎಲ್ಲಕ್ಕಿಂತ ಮೇಲೆ ಶ್ರೀ ಗುರುಪಾದಪ್ಪ, ನಿಲಂಗಾ. "ನಿಮ್ಮ ಊರು ಆರಿಸಿ" ಎಂಬ ಪೆಟ್ಟಿಗೆ, ಗುಂಡಿ, ಮೌಸಿನ ಬಾಣ ಸಹಿತ ಅಚ್ಚಾಗಿತ್ತು. ನಾನು ಓಡಿ ಹೋಗಿ ಏನಾದರೂ ಹೇಳಬೇಕು ಅನ್ನುವಷ್ಟರಲ್ಲಿ ಉದಗೀರದ ಟೆಂಪೋ ಬಂತು. ಮಾಮಾ ಇಳಿದರು. ಅವರ ಹಿಂದೆ ಇನ್ನೊಂದು ಸುರುಳಿ ಇಳಿಯಿತು.

ಎಡಗಡೆ ಮಾಮಾನ ಫ್ಲೆಕ್ಸ್, ಬಲಗಡೆ ಕಾಕಾನ ಫ್ಲೆಕ್ಸ್. ಅದೇ ಬಸವಣ್ಣ, ಅದೇ ಚೆಂಡುಹೂವು, ಅದೇ ಅಕ್ಷರ. ಜಾಧವ ಸರ್ ಹೇಳಿದಂತೆ ಪುಟ ಎಲ್ಲ ಕಡೆಗೂ ಒಂದೇ ಥರ ಕಂಡಿತ್ತು, ಮೊದಲ ಹೆಸರೊಂದು ಬಿಟ್ಟು. ಎರಡರ ಬುಡದಲ್ಲೂ ನನ್ನ ಹೆಸರು ಮುಷ್ಟಿಯಷ್ಟು ದಪ್ಪ ಅಕ್ಷರದಲ್ಲಿತ್ತು. ಹೊರಗೆ ನಿಂತಿದ್ದ ಒಬ್ಬ ಅಜ್ಜಿ ಫ್ಲೆಕ್ಸಿನ ಮೇಲಿನ ಗುಂಡಿಯನ್ನು ಬೆರಳಿನಿಂದ ಒತ್ತಿ ನೋಡಿದಳು. ಏನೂ ಬದಲಾಗಲಿಲ್ಲ. ಬದಲಾಗಿದ್ದರೆ ನಾನು ಬದುಕುತ್ತಿದ್ದೆ.

"ಇದು ಯಾರ್ದು ಕಾರಭಾರ?" ಎಂದರು ಕಾಕಾ, ಎಡಗಡೆ ನೋಡಿ.

"ನಾನೂ ಅದೇ ಕೇಳ್ಲಾಕತ್ತೀನಿ," ಎಂದರು ಮಾಮಾ, ಬಲಗಡೆ ನೋಡಿ.

"ನೀವು ಪೇಂಟರಗ ಹೇಳಿ ಹೆಸರು ತಿದ್ದಿಸೀರಿ."

"ತಿದ್ದಾವ್ರು ನೀವು. ಹಿಂದಿನ ಸಲಾನೂ ತಿದ್ದೀರಿ. ಜೀಪಿನ ಮೂತಿ ತಿರುಗಸ್ರಿ, ಇಲ್ಲಂದ್ರ ನಾ ಟೆಂಪೋದ್ದು ತಿರುಗಸ್ತೀನಿ."

ಗದ್ದಲ ಕೇಳಿ ಸುರೇಖಾ ಮುಖದ ತುಂಬ ಹಳದಿ ಇಟ್ಟುಕೊಂಡೇ ಬಾಗಿಲಿಗೆ ಬಂದಳು. "ಮಾಮಾ, ನಾಳಿ ನನ್ನ ಹಿಂದ ಯಾರ ನಿಲ್ತಾರ?" ಎಂದಳು. ಮಾಮಾ ಟೆಂಪೋ ಕಡೆಗೆ ಹೋಗಲಿಲ್ಲ, ಟವೆಲ್ ಹೆಗಲಿನಿಂದ ಹೆಗಲಿಗೆ ಹಾಕಿಕೊಂಡರು. ಅತ್ತೆ ನನ್ನನ್ನು ಹುಡುಕಿಕೊಂಡು ಅಡಿಗೆಯ ಮನೆಗೆ ಬಂದರು. ನಾನು ಉಳ್ಳಾಗಡ್ಡಿ ಹೆಚ್ಚುವವರ ನಡುವೆ ಕೂತಿದ್ದೆ. ಅಲ್ಲಾದರೆ ಕಣ್ಣೀರು ಯಾಕೆಂದು ಯಾರೂ ಕೇಳುವುದಿಲ್ಲ.

"ತಪ್ಪೇನೂ ಇಲ್ಲಂದಿದ್ದೆಲ್ಲ?"

"ತಪ್ಪಿಲ್ಲಂತ ಮಶೀನೇ ಹೇಳ್ಯಾದ್ರೀ ಅತ್ತಿ. ಹಸಿರು ಪಟ್ಟಿ ಬಂದಿತ್ತು."

"ಮಶೀನಿಗಿ ಮಾಮಾ ಅದಾನೇನ? ಕಾಕಾ ಅದಾನೇನ? ಅದಕ್ಕೇನ ತಿಳೀತದ," ಎಂದರು. ನಾನು ಇನ್ನೊಂದು ಉಳ್ಳಾಗಡ್ಡಿ ಕೈಗೆತ್ತಿಕೊಂಡೆ.

ಕೊನೆಗೆ ನಮ್ಮ ಮನೆಯವರೇ ಒಂದು ದಾರಿ ಹೇಳಿದರು. ಇಬ್ಬರೂ ಸೈಬರ್ ಕೆಫೆಗೆ ಹೋಗಿ ಅಸಲಿ ಪುಟ ಕಣ್ಣಾರೆ ನೋಡಲಿ, ಯಾರ ಫ್ಲೆಕ್ಸ್ ಖರೆ ಅನ್ನುವುದು ಗೊತ್ತಾಗಲಿ. ಇದಕ್ಕಿಂತ ನನ್ನನ್ನು ಹುಗ್ಗಿಯ ಕೊಪ್ಪರಿಗೆಯಲ್ಲಿ ಹಾಕಿದ್ದರೆ ಚೆನ್ನಾಗಿತ್ತು. ಮೋಟಾರ್ ಸೈಕಲ್ಲಿನ ಮೇಲೆ ಮನೆಯವರ ಹಿಂದೆ ಮೊದಲು ಯಾರು ಕೂಡಬೇಕು ಎಂಬುದಕ್ಕೂ ಸ್ವಲ್ಪ ಚರ್ಚೆಯಾಯಿತು. ಮಾಮಾನ ಮೊಣಕಾಲು ನೋವಿನ ಕಾರಣದಿಂದ ಅವರು ನಡುವೆ, ಕಾಕಾ ಕೊನೆಗೆ ಎಂದು ತೀರ್ಮಾನವಾಗಿ ಹೊರಟರು. ನಾನು ಬಸವಣ್ಣನಿಗೆ ಕೈ ಮುಗಿದೆ. ಉದಗೀರ ಆರಿಸಿದರೆ ಕಾಕಾ ಕೆಡುತ್ತಾರೆ, ನಿಲಂಗಾ ಆರಿಸಿದರೆ ಮಾಮಾ ಕೆಡುತ್ತಾರೆ, ಎರಡನ್ನೂ ಆರಿಸಿದರೆ ನನ್ನ ಗುಟ್ಟು ಬಯಲಾಗುತ್ತದೆ. ನಾಲ್ಕನೆಯ ದಾರಿಯೊಂದಿದೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಅಲ್ಲಿ ಏನಾಯಿತೆಂದು ಮನೆಯವರು ಆಮೇಲೆ ಹೇಳಿದರು. ಕಂಪ್ಯೂಟರಿನ ಮುಂದೆ ಇಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕೂತರಂತೆ. ಊರಿನ ಪೆಟ್ಟಿಗೆ ಕಂಡಕೂಡಲೇ ಕಾಕಾ, "ನೀವು ಮುಟ್ಟಬ್ಯಾಡ್ರಿ," ಅಂದರು. "ನೀವೂ ಮುಟ್ಟಬ್ಯಾಡ್ರಿ," ಅಂದರು ಮಾಮಾ. ಯಾರೂ ಯಾವ ಊರನ್ನೂ ಆರಿಸುವಂತಿಲ್ಲ ಎಂದು ಒಪ್ಪಂದವಾಯಿತು. ಬರಿ ಗುಂಡಿ ಒತ್ತಿದರು. ಊರು ಆರಿಸದಿದ್ದರೆ ಪುಟಕ್ಕೆ ಯಾರನ್ನು ಮೇಲೆ ತರಬೇಕೆಂದು ನಾನು ಹೇಳಿಯೇ ಇರಲಿಲ್ಲ. ಅದು ಪಾಪ, ನಾನು ತುಂಬಿದ ಕ್ರಮದಲ್ಲೇ ಹೆಸರುಗಳನ್ನು ತಂದು ನಿಲ್ಲಿಸಿತು. ಎಲ್ಲರಿಗಿಂತ ಮೇಲೆ: ಶ್ರೀ ಶರಣಪ್ಪ, ಆಳಂದ.

ಇಬ್ಬರೂ ವಾಪಸು ಬಂದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಕಾಕಾ ಮಾಮಾನ ಕೈ ಹಿಡಿದು ಮೋಟಾರ್ ಸೈಕಲ್ಲಿನಿಂದ ಇಳಿಸುತ್ತಿದ್ದರು.

"ನಿಮ್ಮ ಹೆಸರು ಮ್ಯಾಲ ಇದ್ರ ನಾ ಹ್ಯಾಂಗರೆ ನುಂಗ್ತಿದ್ದೆ ಗುರುಪಾದಪ್ಪನವರ," ಎನ್ನುತ್ತಿದ್ದರು ಮಾಮಾ. "ಆಳಂದದಾಂವಂದು?"

"ಸೊಸಿ ತನ್ನಪ್ಪಗ ಪೈಲೇ ನಂಬರ ಕೊಟ್ಟಾಳ. ನಾವು ಇಬ್ಬರೂ ಹುಚ್ಚರಾದೆವು ಬಸಲಿಂಗಪ್ಪ," ಎಂದರು ಕಾಕಾ.

ನಾನು ಹೊರಗೆ ಹೋಗಿ ಟೆಸ್ಟಿಂಗ್ ಎಂದೆ, ಡೇಟಾಬೇಸ್ ಎಂದೆ, ಕೈ ಮುಗಿದೆ. ಮಾತು ಬೆಳೆದಷ್ಟೂ ತಪ್ಪು ದಪ್ಪವಾಯಿತು. ಇಬ್ಬರೂ ಸರದಿಯಂತೆ ಬೈದರು. ಒಬ್ಬರು ದಣಿದಾಗ ಇನ್ನೊಬ್ಬರು ಮುಂದುವರಿಸಿದರು, ನಡುವೆ ಒಂದೇ ತಂಬಿಗೆಯಿಂದ ನೀರು ಕುಡಿದರು. ಬೈದು ಮುಗಿಸಿ ತಾವೇ ಹೋಗಿ ತಮ್ಮ ತಮ್ಮ ಫ್ಲೆಕ್ಸ್ ಬಿಚ್ಚಿದರು. ಬಾಗಿಲಲ್ಲಿ ನಿಂತಿದ್ದ ಸುರೇಖಾ ನನ್ನನ್ನು ನೋಡಿ ಹಳದಿ ಮುಖದಲ್ಲಿ ನಕ್ಕಳು. ಅವಳ ಆ ಒಂದು ನಗುವಿಗಾಗಿ ಇನ್ನೊಂದು ಸುತ್ತು ಬೈಗುಳ ತಿನ್ನಲು ನಾನು ಸಿದ್ಧಳಿದ್ದೆ. ಸಂಜೆಯೇ ಕ್ಲಾಸಿಗೆ ಹೋಗಿ ಪಟ್ಟಿಯಿಂದ ಅಪ್ಪನ ಹೆಸರನ್ನು ಅಳಿಸಿಹಾಕಿ ಬಂದೆ. ಅಪ್ಪನಿಗೆ ಇಂಥದ್ದರ ಹುಚ್ಚಿಲ್ಲ, ಬೇಜಾರೂ ಮಾಡಿಕೊಳ್ಳುವುದಿಲ್ಲ ಎಂದು ನಿಶ್ಚಿಂತೆಯಿಂದಿದ್ದೆ.

ಮರುದಿನ ಮುಹೂರ್ತಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಆಳಂದದ ಗಾಡಿ ಬಂತು. ಅಪ್ಪ ಹೊಸ ಧೋತರ ಉಟ್ಟು, ಪಟಗ ಸುತ್ತಿಕೊಂಡು ಇಳಿದರು. ಕಂಕುಳಲ್ಲಿ ಒಂದು ಸುರುಳಿ.

"ಅಪ್ಪಾ, ಇದೇನು?"

"ಏ ಹುಚ್ಚಿ, ನನಗ ಮೊದಲ ಹೇಳಬಾರ್ದೇನ? ನಿನ್ನ ಸೈಟಿನಾಗ ಆಳಂದ ಇರಲಿಲ್ಲ. ಹಂಗ ಗುಂಡಿ ಒತ್ತಿದ್ರ ನನ್ನ ಹೆಸರು ಎಲ್ಲಾರಕಿಂತ ಮ್ಯಾಲ ಬಂತು. ಊರ ಮಂದಿಗೆಲ್ಲ ತೋರ್ಸೀನಿ. ಎಲ್ಲಿ ಕಟ್ಲಿ ಇದನ್ನ?"

ಹತ್ತು ಹೆಜ್ಜೆ ಆಚೆಗೆ ಕಾಕಾ ಮತ್ತು ಮಾಮಾ ಒಂದೇ ಜಮಖಾನೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮಾಮಾನ ಕಣ್ಣು ಸುರುಳಿಯ ಮೇಲೆ ಬಿತ್ತು, ಬಾಯಿ ನಿಂತಿತು. ಅಷ್ಟರಲ್ಲಿ ಅತ್ತೆ ಎಲ್ಲಿಂದಲೋ ಸೆರಗು ಸರಿಮಾಡಿಕೊಳ್ಳುತ್ತ ಬಂದು ಅಪ್ಪನ ಕಂಕುಳಿನಿಂದ ಸುರುಳಿಯನ್ನು ಎಳೆದುಕೊಂಡರು.

"ಬರ್ರಿ ಬೀಗರ, ಛಲೋ ವೇಳ್ಯಾಕ ತಂದೀರಿ. ಹುಗ್ಗಿ ಮ್ಯಾಲ ನೊಣ ಕೂಡ್ಲಾಕತ್ತಿದ್ವು, ಮುಚ್ಚಲಿಕ್ಕಿ ಏನೂ ಇರಲಿಲ್ಲ," ಎಂದವರೇ ಅದನ್ನು ಒಳಗೆ ಒಯ್ದು ಬಿಚ್ಚಿ, ಅಕ್ಷರ ಕೆಳಗೆ ಮಾಡಿ ಕೊಪ್ಪರಿಗೆಗಳ ಮೇಲೆ ಹೊದಿಸಿದರು. ಅಪ್ಪ ಬಾಯಿ ತೆರೆದರು. ಮನೆಯವರು ಅವರ ಬಾಯಿಗೆ ಎಲೆ ಅಡಿಕೆ ಇಟ್ಟು ಕರೆದುಕೊಂಡು ಹೋಗಿ ಕಾಕಾ-ಮಾಮಾನ ನಡುವೆ ಕೂಡಿಸಿದರು. ಮಾಮಾ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಅಕ್ಷತೆ ಬೀಳುವಾಗ ಅವರು ಸುರೇಖಾಳ ಬೆನ್ನ ಹಿಂದೆ ನಿಂತಿದ್ದರು, ಟವೆಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತ. ಆಮೇಲೆ ಮೂವರೂ ಒಂದೇ ಪಂಕ್ತಿಯಲ್ಲಿ ಕೂತು ಅಪ್ಪನ ಹೆಸರಿನ ಕೆಳಗೆ ಬೆಚ್ಚಗಿದ್ದ ಹುಗ್ಗಿ ಉಂಡರು.

ಇದೆಲ್ಲ ಆಗಿ ಬಹಳ ದಿನವಾಯಿತು. ಕ್ಲಾಸು ಬಿಟ್ಟೆ. ಮೊನ್ನೆ ಕಾಕಾನ ಮೊಮ್ಮಗಳ ಲಗ್ನಪತ್ರಿಕೆ ಬಂತು, ಅಚ್ಚುಕಟ್ಟಾದ ಕಾಗದದ ಪತ್ರಿಕೆ. ಮೊದಲ ಸಾಲಿನಲ್ಲಿ ಕಾಕಾ ಮತ್ತು ಮಾಮಾ, ಪಕ್ಕಪಕ್ಕದಲ್ಲಿ, ಸಮ ಅಕ್ಷರದಲ್ಲಿ. ನನಗೆ ನಿಜವಾಗಿಯೂ ಸಂತೋಷವಾಯಿತು. ಹೆಸರಿಗಾಗಿ ಜಗಳಾಡುವವರ ಮಧ್ಯೆ ಬುದ್ಧಿ ಇರುವುದು ನನಗೊಬ್ಬಳಿಗೇ ಅಂದುಕೊಳ್ಳುತ್ತ ಬೆರಳಿಟ್ಟು ಕೆಳಗೆ ಓದಿದೆ. ಓದಿದೆ, ಇನ್ನೂ ಕೆಳಗೆ ಹೋದೆ. ಎಲ್ಲ ಮುಗಿದ ಮೇಲೆ "ನಮ್ಮ ಅಕ್ಕನ ಲಗ್ನಕ್ಕೆ ಬರ್ರಿ ಹಾಂ" ಎಂದು ಹಲ್ಲು ಬರದ ಕೂಸುಗಳ ಹೆಸರು ಹಾಕಿದ್ದರು. ನನ್ನ ಹೆಸರು ಅದರ ಕೆಳಗಿತ್ತು.

ಪತ್ರಿಕೆಯನ್ನು ಮಡಿಸಿ ಕಪಾಟಿನ ಮೇಲಿಟ್ಟೆ.

"ನೀವಷ್ಟೇ ಹೋಗಿ ಬರ್ರಿ. ನಾ ಬರಂಗಿಲ್ಲ," ಎಂದೆ ಮನೆಯವರಿಗೆ.

ಒಳಗೆ ರೊಟ್ಟಿ ತಟ್ಟುತ್ತಿದ್ದ ಅತ್ತೆಯ ಕೈ ನಿಂತಿತು. "ಹೋಗವ್ವಾ, ಹೋಗು," ಎಂದರು. "ರೊಟ್ಟಿ ಕಟ್ಟಿ ಕೊಡ್ತೀನಿ. ಬೇವಿನ ಗಿಡ ನಿಲಂಗಾದಾಗೂ ಅವ."